ಮಣ್ಣನ್ನು ಆಭರಣವಾಗಿಸಿದ ಕುಂಬಾರ: ಜೊಸಾಯ ವೆಜ್‌ವುಡ್ಡನ ಜೀವಿತ

ನಮ್ಮ ಶಾಲೆಯಲ್ಲಿ ಕಲಿತು ಹೋದ ಸೋದರಿಯರಲ್ಲಿ ಹೊಲಿಗೆಯ ಕೊಠಡಿಯ ಉದ್ದವಾದ ಮೇಜನ್ನು ಮರೆತವರು ವಿರಳವೆಂದು ನಾವು ನಂಬುತ್ತೇವೆ. ಮಣಿಗಳನ್ನು ಪೋಣಿಸಿದ ಸರಗಳು, ಕಸೂತಿ ಹಾಕಿದ ಕೈವಸ್ತ್ರಗಳು, ಜೇಡಿಮಣ್ಣಿನಿಂದ ತಿದ್ದಿ ಬಣ್ಣ ಬಳಿದ ಚಿಕ್ಕ ಪದಕಗಳು, ಇವೆಲ್ಲವೂ ಆ ಮೇಜಿನ ಮೇಲೆ ಸಾಲಾಗಿ ಕುಳಿತು ಕೊಳ್ಳುವವರ ದಾರಿಯನ್ನು ಕಾಯುತ್ತಿದ್ದವು. ಆಗ ಪ್ರತಿಯೊಬ್ಬಳ ಮನಸ್ಸಿನಲ್ಲಿಯೂ ಎರಡು ಪ್ರಶ್ನೆಗಳು ಏಳುತ್ತಿದ್ದವು. ತನ್ನ ಕೈಕೆಲಸಕ್ಕೆ ಎಷ್ಟು ಬೆಲೆಯಿಡಬೇಕು ಎಂಬುದು ಒಂದು; ಎಲ್ಲಿಯಾದರೂ ಹೊಲಿಗೆ ತಪ್ಪಿದ್ದರೆ, ಮಣಿ ಸೀಳಿದ್ದರೆ, ಅದನ್ನು ಮರೆಮಾಡಿ ಮಾರಬಹುದೇ ಎಂಬುದು ಇನ್ನೊಂದು. ಮೂರನೆಯ ಪ್ರಶ್ನೆಯೂ ಉಂಟು. ಆದರೆ ಅದು ನಮಗೆ ಬಹಳ ತಡವಾಗಿ ಹೊಳೆಯುತ್ತದೆ. ಇಷ್ಟು ಶ್ರಮಪಟ್ಟು ಮಾಡಿದ ಒಡವೆಯಿಂದ ಅದನ್ನು ಧರಿಸುವವಳ ಅಂದವಲ್ಲದೆ ಮತ್ತೇನಾದರೂ ಹೆಚ್ಚುವುದೇ ಎಂಬುದೇ ಆ ಪ್ರಶ್ನೆ. ಈ ಮೂರಕ್ಕೂ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬ ಕುಂಬಾರನ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದೆ ಸಂಗ್ರಹವಾಗಿ ಇಡುತ್ತೇವೆ.

ಇಂಗ್ಲೆಂಡಿನ ಸ್ಟಾಫರ್ಡ್‌ಷಯರ್ ಪ್ರಾಂತ್ಯದಲ್ಲಿ ಬರ್ಸ್ಲೆಮ್ ಎಂಬುದೊಂದು ಊರು. ಅಲ್ಲಿಯ ನೆಲದಲ್ಲಿ ಜೇಡಿಮಣ್ಣೂ ಕಲ್ಲಿದ್ದಲೂ ಯಥೇಚ್ಛವಾಗಿ ದೊರೆಯುತ್ತಿದ್ದುದರಿಂದ ಊರಿನ ಮುಖ್ಯ ಕಸುಬು ಕುಂಬಾರಿಕೆಯೇ ಆಗಿದ್ದಿತು. ಅಲ್ಲಿಯ ಒಂದು ಕುಂಬಾರರ ಮನೆಯಲ್ಲಿ, ಬಹು ಮಕ್ಕಳಲ್ಲಿ ಕಡೆಯವನಾಗಿ ಜೊಸಾಯ ವೆಜ್‌ವುಡ್ಡನು ಹುಟ್ಟಿದನು. ಅವನಿಗೆ ದೀಕ್ಷಾಸ್ನಾನವಾದುದು 1730ನೆಯ ಇಸವಿ ಜುಲೈ 12ರಂದು. ತಂದೆ ತಾತಂದಿರೆಲ್ಲರೂ ತಿಗರಿಯ ಮುಂದೆ ಕುಳಿತವರೇ. ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ, 1739ರಲ್ಲಿ, ತಂದೆಯು ತೀರಿಕೊಂಡನು. ಅಲ್ಲಿಗೆ ಅವನ ಶಾಲೆಯ ಓದು ಮುಗಿಯಿತು. ತಂದೆಯ ಮರಣಶಾಸನದಂತೆ ಅವನ ಪಾಲಿಗೆ ಬರಬೇಕಾಗಿದ್ದುದು ಕೇವಲ 20 ಪೌಂಡು. ಹಿರಿಯಣ್ಣನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವುದು, ಮಡಕೆ ತಿದ್ದುವುದು ಅವನ ದಿನಚರಿಯಾಯಿತು.

ಇನ್ನೆರಡು ಮೂರು ವರ್ಷ ಕಳೆಯುವಷ್ಟರಲ್ಲಿ ಊರಿಗೆ ಸಿಡುಬು ಬಂದಿತು. ಜೊಸಾಯನು ಪ್ರಾಣದಿಂದ ಉಳಿದರೂ ಬಲಮೊಣಕಾಲು ಮಾತ್ರ ಮೊದಲಿನಂತಾಗಲಿಲ್ಲ. 1744ರಲ್ಲಿ ಅಣ್ಣನ ಬಳಿಯಲ್ಲಿಯೇ ಐದು ವರ್ಷಗಳ ಒಪ್ಪಂದದ ಮೇಲೆ ಕಸುಬು ಕಲಿಯಲು ನಿಂತವನಿಗೆ ತಿಗರಿಯನ್ನು ಕಾಲಿನಿಂದ ತಿರುಗಿಸುವುದು ದಿನೇ ದಿನೇ ಕಷ್ಟವಾಯಿತು. ಕುಂಬಾರನಿಗೆ ಕಾಲೇ ಸೋತರೆ ಅವನ ಗತಿಯೇನು? ಬೇರೊಬ್ಬನಾಗಿದ್ದರೆ ಕಸುಬನ್ನೇ ಬಿಟ್ಟಿರುತ್ತಿದ್ದನು. ಈ ಹುಡುಗನಾದರೋ ಕಾಲಿಗೆ ಆಗದ ಕೆಲಸವನ್ನು ಬಿಟ್ಟು ಕೈಗೂ ತಲೆಗೂ ಆಗುವ ಕೆಲಸವನ್ನು ಹಿಡಿದನು. ಅಚ್ಚು ತೆಗೆಯುವುದು, ಮಣ್ಣುಗಳನ್ನು ಬೆರೆಸಿ ನೋಡುವುದು, ಹೊಸ ಬಣ್ಣಗಳನ್ನೂ ಹೊಸ ಮೆರುಗುಗಳನ್ನೂ ಹುಡುಕುವುದು ಅವನ ಆಸಕ್ತಿಯಾಯಿತು. ಕಲಿಕೆಯ ಅವಧಿ ಮುಗಿದ ಬಳಿಕ ಅಣ್ಣನು ಅವನನ್ನು ಪಾಲುಗಾರನಾಗಿ ಸೇರಿಸಿಕೊಳ್ಳಲಿಲ್ಲ. ಪ್ರಯೋಗಗಳ ಹುಚ್ಚಿನಿಂದ ಹಣ ಹಾಳಾಗುವುದೆಂದು ಅವನು ಅಂಜಿರಬೇಕು. ಮುಂದೆ 1754ರಲ್ಲಿ ಆ ಸೀಮೆಯಲ್ಲಿ ಹೆಸರುವಾಸಿಯಾಗಿದ್ದ ಥಾಮಸ್ ವೀಲ್ಡನ್ ಎಂಬ ಕುಂಬಾರನು ಜೊಸಾಯನನ್ನು ತನ್ನ ಪಾಲುಗಾರನನ್ನಾಗಿ ಮಾಡಿಕೊಂಡು, ಪ್ರಯೋಗಗಳಿಗೆ ಅವಕಾಶವನ್ನಿತ್ತನು. 1759ರಲ್ಲಿ ಜೊಸಾಯನು ಪ್ರಯೋಗಗಳ ಪುಸ್ತಕವನ್ನು ಬರೆಯತೊಡಗಿದನು. ಅದೇ ವರ್ಷದಲ್ಲಿ ಬರ್ಸ್ಲೆಮಿನಲ್ಲಿ ಒಂದು ಚಿಕ್ಕ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದು ಸ್ವಂತ ಕೆಲಸವನ್ನು ಆರಂಭಿಸಿದನು.

ಸುಟ್ಟ ಪ್ರತಿಯೊಂದು ಮಾದರಿಗೂ ಅಂಕೆಯಿಟ್ಟು, ಯಾವ ಮಣ್ಣು ಎಷ್ಟು, ಆವಿಗೆಯ ಯಾವ ಭಾಗದಲ್ಲಿಟ್ಟದ್ದು, ಫಲವೇನಾಯಿತು ಎಂಬುದನ್ನು ಅವನು ಬರೆದಿಡುತ್ತಿದ್ದನು. ಗುಟ್ಟು ಹೊರಬೀಳದಂತೆ ಸಂಕೇತಗಳನ್ನು ಉಪಯೋಗಿಸುತ್ತಿದ್ದನು. 1764ರಲ್ಲಿ ಅವನ ಕೈಹಿಡಿದ ಸೇರಾ ಎಂಬಾಕೆಯು ದೂರದ ಸಂಬಂಧಿಕಳು, ಸಿರಿವಂತ ವರ್ತಕನ ಮಗಳು. ಆಕೆ ಗಂಡನ ಸಂಕೇತಗಳನ್ನು ಕಲಿತು, ಪ್ರಯೋಗಗಳಲ್ಲಿ ನೆರವಾಗುತ್ತಿದ್ದಳು. ಹೊಸ ಪಾತ್ರೆಗಳ ಆಕಾರವೂ ಹಿಡಿಯೂ ಬಳಕೆಗೆ ಅನುಕೂಲವೋ ಅಲ್ಲವೋ ಎಂಬ ವಿಚಾರದಲ್ಲಿ ಆಕೆಯ ಅಭಿಪ್ರಾಯಕ್ಕೆ ಅವನು ಬಹಳ ಮನ್ನಣೆ ಕೊಡುತ್ತಿದ್ದನು. ಇವರ ಹಿರಿಯ ಮಗಳು ಸುಸಾನಳೇ ಮುಂದೆ ಪ್ರಕೃತಿಶಾಸ್ತ್ರಜ್ಞನಾದ ಚಾರ್ಲ್ಸ್ ಡಾರ್ವಿನನ ತಾಯಿಯಾದವಳು.

ಅವನ ಮೊದಲ ಕೀರ್ತಿ ಬಂದುದು ಕೆನೆಯ ಬಣ್ಣದ ಪಾತ್ರೆಗಳಿಂದ. ಪಿಂಗಾಣಿಯನ್ನು ಕೊಳ್ಳಲಾರದ ಸಾಧಾರಣ ಕುಟುಂಬಗಳೂ ಕೊಳ್ಳಬಹುದಾದ, ಹಗುರವಾದ, ನುಣುಪಾದ ಪಾತ್ರೆಗಳವು. 1765ರಲ್ಲಿ ರಾಣಿ ಷಾರ್ಲೆಟಳು ಅವನಿಂದ ಚಹದ ಪಾತ್ರೆಗಳ ಒಂದು ಜೋಡಣೆಯನ್ನು ಮಾಡಿಸಿಕೊಂಡಳು. ಅಂದಿನಿಂದ ಆ ಪಾತ್ರೆಗಳಿಗೆ ರಾಣಿಯ ಪಾತ್ರೆಗಳೆಂಬ ಹೆಸರೇ ಬಿದ್ದಿತು. ಆದರೆ ಮಾಡುವುದು ಎಷ್ಟು ಕಷ್ಟವೋ, ಮಾಡಿದುದನ್ನು ಮಾರುವೆಡೆಗೆ ಮುಟ್ಟಿಸುವುದೂ ಅಷ್ಟೇ ಕಷ್ಟವಾಗಿದ್ದಿತು. ಕೆಸರಿನ ಹಾದಿಯಲ್ಲಿ ಕುದುರೆಗಳ ಬೆನ್ನ ಮೇಲೆ ಹೇರಿದ ಪಾತ್ರೆಗಳಲ್ಲಿ ಎಷ್ಟೋ ಒಡೆದುಹೋಗುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆ ಆ ಸೀಮೆಯವರಿಗೂ ಚೆನ್ನಾಗಿ ಒಪ್ಪುತ್ತಿದ್ದಿತು. ಆದುದರಿಂದ ವೆಜ್‌ವುಡ್ಡನು ಒಳ್ಳೆಯ ರಸ್ತೆಗಳಿಗಾಗಿಯೂ ಕಾಲುವೆಗಾಗಿಯೂ ಬಹಳ ದುಡಿದನು. ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆಗೆ 1766ರಲ್ಲಿ ಮೊದಲ ಗುದ್ದಲಿ ಹಾಕಿದವನು ಅವನೇ. 1777ರಲ್ಲಿ ಆ ಕಾಲುವೆ ಪೂರ್ತಿಯಾದಾಗ ಪಾತ್ರೆಗಳು ಅಲುಗಾಟವಿಲ್ಲದೆ ನೀರಿನ ಮೇಲೆಯೇ ಬಂದರು ಮುಟ್ಟುವಂತಾಯಿತು.

ಈ ಓಡಾಟಗಳ ನಡುವೆ ರೋಗದ ಕಾಲು ಅವನನ್ನು ಬಿಡಲಿಲ್ಲ. 1762ರಲ್ಲಿ ಲಿವರ್‌ಪೂಲಿಗೆ ಹೋಗುವ ದಾರಿಯಲ್ಲಿ ಆ ಕಾಲಿಗೆ ಪೆಟ್ಟುಬಿದ್ದು ಅನೇಕ ದಿನ ಹಾಸಿಗೆ ಹಿಡಿಯಬೇಕಾಯಿತು. ಆ ಕೇಡಿನಿಂದಲೇ ಒಂದು ಒಳಿತೂ ಆಯಿತು. ಚಿಕಿತ್ಸೆ ಮಾಡಿದ ವೈದ್ಯನ ಮೂಲಕ ಥಾಮಸ್ ಬೆಂಟ್ಲಿ ಎಂಬ ವಿದ್ಯಾವಂತ ವರ್ತಕನ ಪರಿಚಯವಾಗಿ, ಆ ಪರಿಚಯವು ಸ್ನೇಹವಾಗಿ, ಸ್ನೇಹವು ಪಾಲುಗಾರಿಕೆಯಾಯಿತು. ಬೆಂಟ್ಲಿಯು ಅಭಿರುಚಿಯುಳ್ಳವನು, ಹಳೆಯ ಗ್ರೀಕ್ ಮತ್ತು ರೋಮನ್ ಶಿಲ್ಪಗಳನ್ನು ಬಲ್ಲವನು. ಲಿವರ್‌ಪೂಲು ಗುಲಾಮರ ವ್ಯಾಪಾರದಿಂದಲೇ ಕೊಬ್ಬಿದ ಬಂದರಾಗಿದ್ದರೂ ಬೆಂಟ್ಲಿಗೆ ಆ ವ್ಯಾಪಾರವು ಹೇಸಿಗೆಯಾಗಿದ್ದಿತು. ಕಡೆಗೆ 1768ನೆಯ ಮೇ 28ರಂದು ವೆಜ್‌ವುಡ್ಡನ ಕಾಲನ್ನು ಕತ್ತರಿಸಿದರು. ಅರಿವಳಿಕೆಯ ಔಷಧವಿಲ್ಲದ ಕಾಲವದು. ಅವನು ಎಚ್ಚರದಿಂದಲೇ ಆ ನೋವನ್ನು ಸಹಿಸಿದನು. ಕೆಲವು ವಾರಗಳಲ್ಲಿಯೇ ಮತ್ತೆ ಕೆಲಸಕ್ಕಿಳಿದನು. ಮರುವರ್ಷ ಜೂನ್ 13ರಂದು, ಮರದ ಕಾಲಿನ ಈ ಕುಂಬಾರನು ಎಟ್ರೂರಿಯ ಎಂಬ ಹೊಸ ಕಾರ್ಖಾನೆಯನ್ನು ತೆರೆದನು. ಅಂದು ಬೆಂಟ್ಲಿಯು ತಿಗರಿಯನ್ನು ತಿರುಗಿಸಿದನು. ವೆಜ್‌ವುಡ್ಡನು ತನ್ನ ಕೈಯಿಂದ ಹೂಜಿಗಳನ್ನು ಎತ್ತಿದನು.

ಇನ್ನು ಆಭರಣದ ಮಾತಿಗೆ ಬರೋಣ. ಮಣ್ಣಿನಿಂದ ರತ್ನದಷ್ಟು ನುಣುಪಾದ, ಗಟ್ಟಿಯಾದ ವಸ್ತುವನ್ನು ಮಾಡಬೇಕೆಂಬುದು ಅವನ ಬಹುದಿನದ ಹಂಬಲ. ಸಾವಿರಾರು ಮಾದರಿಗಳನ್ನು ಸುಟ್ಟು ನೋಡಿದನು. ಕೆಲವು ಬಿರಿದವು, ಕೆಲವು ಕರಗಿದವು, ಕೆಲವಕ್ಕೆ ಬಣ್ಣ ಹತ್ತಲಿಲ್ಲ. ಡರ್ಬಿಷಯರಿನ ಗಣಿಗಳಲ್ಲಿ ದೊರೆಯುವ ಬೇರಿಯಂ ಧಾತುವುಳ್ಳ ಒಂದು ಭಾರವಾದ ಕಲ್ಲಿನ ಪುಡಿಯನ್ನು ಜೇಡಿಯಲ್ಲಿ ಬೆರೆಸಿದಾಗ, ಸುಮಾರು 1774-75ರಲ್ಲಿ, ಜಾಸ್ಪರ್ ಎಂದು ಅವನು ಹೆಸರಿಟ್ಟ ಮಣ್ಣು ಸಿದ್ಧಿಸಿತು. ಅದಕ್ಕೆ ಮೇಲಿನಿಂದ ಮೆರುಗು ಬೇಕಾಗಿರಲಿಲ್ಲ. ಕೋಬಾಲ್ಟನ್ನು ಸೇರಿಸಿದರೆ ತಿಳಿಯಾದ ನೀಲಿ ಬಣ್ಣವು ಒಳಗೂ ಹೊರಗೂ ಹತ್ತುತ್ತಿದ್ದಿತು. ಕೆಲಸಗಾರನು ಬಿಳಿಯ ಮಣ್ಣನ್ನು ಚಿಕ್ಕ ಅಚ್ಚಿನೊಳಗೆ ಬೆರಳಿನಿಂದ ಒತ್ತಿ, ಆಕೃತಿಯನ್ನು ಮುರಿಯದಂತೆ ಮೆಲ್ಲಗೆ ಬಿಡಿಸಿ, ನೀಲಿಯ ಹಸಿಬಿಲ್ಲೆಯ ಮೇಲೆ ನೀರು ಸವರಿ ಅಂಟಿಸುತ್ತಿದ್ದನು. ಆವಿಗೆಯಲ್ಲಿ ಬೆಂದಾಗ ಎರಡೂ ಒಂದೇ ಸಮನಾಗಿ ಕುಗ್ಗಿ ಏಕವಾಗಬೇಕು. ಇಲ್ಲವಾದರೆ ಬಿಲ್ಲೆ ಬಿರಿಯುವುದು. ಮಣ್ಣು ಬೆಂಕಿಯಲ್ಲಿ ಕುಗ್ಗುವ ಈ ಗುಣವನ್ನೇ ಅಳತೆಗೋಲಾಗಿ ಮಾಡಿಕೊಂಡು ಆವಿಗೆಯ ಶಾಖವನ್ನು ಅಳೆಯುವ ಉಪಕರಣವನ್ನು ಅವನು ರಚಿಸಿದನು. ಅದಕ್ಕಾಗಿ 1783ರಲ್ಲಿ ರಾಯಲ್ ಸೊಸೈಟಿಯು ಶಾಲೆಯನ್ನು ಬಾಲ್ಯದಲ್ಲಿಯೇ ಬಿಟ್ಟ ಈ ಕುಂಬಾರನನ್ನು ಸದಸ್ಯನನ್ನಾಗಿ ಆರಿಸಿತು.

ಹೀಗೆ ಮಾಡಿದ ಚಿಕ್ಕ ಬಿಲ್ಲೆಗಳು ಉಂಗುರಗಳಲ್ಲಿಯೂ ಕಡಗಗಳಲ್ಲಿಯೂ ಗುಂಡಿಗಳಲ್ಲಿಯೂ ನಡುಪಟ್ಟಿಯ ಕೊಂಡಿಗಳಲ್ಲಿಯೂ ಕುಳಿತವು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಎಂಬ ಲೋಹಗಾರನು ಅವುಗಳಿಗೆ ಹೊಳೆಯುವ ಉಕ್ಕಿನ ಕಟ್ಟುಗಳನ್ನು ಮಾಡಿಕೊಡುತ್ತಿದ್ದನು. ಚಿತ್ರಗಳನ್ನು ರಚಿಸುವುದರಲ್ಲಿ ಸ್ತ್ರೀಯರ ಪಾಲೂ ಇದ್ದಿತೆಂಬುದನ್ನು ನಮ್ಮ ವಾಚಕಿಯರಿಗೆ ತಿಳಿಸಲು ಸಂತೋಷಪಡುತ್ತೇವೆ. ಲೇಡಿ ಟೆಂಪಲ್‌ಟೌನ್ ಎಂಬಾಕೆ ತಾಯಿಮಕ್ಕಳ, ಮನೆಗೆಲಸದ ದೃಶ್ಯಗಳನ್ನು ಚಿತ್ರಿಸಿಕೊಟ್ಟಳು. ಅವು ನೀಲಿ ಮಣ್ಣಿನ ಮೇಲೆ ಬಿಳಿಯಾಗಿ ಮೂಡಿ ಬಹು ಜನಪ್ರಿಯವಾದವು.

ಮಾರಾಟದ ವಿಷಯದಲ್ಲಿ ಅವನ ನಡತೆಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಲಂಡನ್ನಿನಲ್ಲಿ ಪ್ರದರ್ಶನದ ಮಳಿಗೆಗಳನ್ನು ತೆರೆದು, ಪಾತ್ರೆಗಳನ್ನು ಊಟದ ಮೇಜಿನ ಮೇಲೆ ಜೋಡಿಸಿದಂತೆಯೇ ಇಡಿಸಿ, ಬಂದವರಿಗೆ ಬೇಸರವಾಗದಂತೆ ಜೋಡಣೆಯನ್ನು ಆಗಾಗ ಬದಲಾಯಿಸುತ್ತಿದ್ದನು. ರಷ್ಯದ ಚಕ್ರವರ್ತಿನಿ ಕ್ಯಾಥರೀನಳಿಗಾಗಿ ಮಾಡಿದ 952 ಪಾತ್ರೆಗಳ ಜೋಡಣೆಯನ್ನು 1774ರಲ್ಲಿ ಕಳುಹಿಸುವ ಮೊದಲು ಗ್ರೀಕ್ ಬೀದಿಯ ಮಳಿಗೆಯಲ್ಲಿ ಜನರಿಗೆ ತೋರಿಸಿದನು. ದಾರಿಯಲ್ಲಿ ಒಡೆದುದಕ್ಕೆ ಬದಲು ಕೊಡುವುದು, ಮೆಚ್ಚಿಗೆಯಾಗದ ಸರಕನ್ನು ಹಿಂದಕ್ಕೆ ಪಡೆಯುವುದು ಅವನ ಪದ್ಧತಿ. 1772ರಲ್ಲಿ ದೇಶದಲ್ಲಿ ಹಣದ ಮುಗ್ಗಟ್ಟು ಬಂದಾಗ, ತಾನು ಇಷ್ಟು ಮಾರಿಯೂ ಕೈಯಲ್ಲಿ ಹಣವೇಕಿಲ್ಲವೆಂದು ಲೆಕ್ಕದ ಪುಸ್ತಕಗಳನ್ನು ತೆರೆದು ಕುಳಿತನು. ಮಣ್ಣು, ಕೂಲಿ, ಇದ್ದಲು, ಅಚ್ಚು, ಬಾಡಿಗೆ, ಒಡಕು, ಇವೆಲ್ಲವನ್ನೂ ಒಂದೊಂದು ವಸ್ತುವಿಗೆ ಹಂಚಿ ಅದರ ನಿಜವಾದ ಖರ್ಚನ್ನು ಕಂಡುಹಿಡಿದನು. ಲಂಡನ್ನಿನ ಗುಮಾಸ್ತನೊಬ್ಬನ ಕೈಚಳಕವೂ ಆಗಲೇ ಹೊರಬಿದ್ದಿತು. ಕೈಕೆಲಸದ ಬೆಲೆಯನ್ನು ನೆರೆಯವರ ಬೆಲೆ ನೋಡಿ ಇಡುವುದಲ್ಲ, ಮಾಡುವುದಕ್ಕೆ ಏನು ತಗುಲಿತೆಂಬುದನ್ನು ತಿಳಿದು ಇಡಬೇಕೆಂಬ ಪಾಠವನ್ನು ಅವನು ಹೀಗೆ ನಷ್ಟದಿಂದ ಕಲಿತನು.

ಎರಡನೆಯ ಪ್ರಶ್ನೆಗೆ ಅವನ ಉತ್ತರವು ಇನ್ನೂ ಸ್ಪಷ್ಟವಾದುದು. ಕಾರ್ಖಾನೆಯಲ್ಲಿ ಸುತ್ತುವಾಗ ಡೊಂಕಾದ ಪಾತ್ರೆಯೊಂದು ಕಣ್ಣಿಗೆ ಬಿದ್ದರೆ, ಅದು ತನ್ನ ಹೆಸರಿಗೆ ತಕ್ಕುದಲ್ಲವೆಂದು ಅಲ್ಲಿಯೇ ಅದನ್ನು ಒಡೆದುಹಾಕುತ್ತಿದ್ದನೆಂದು ಆ ಸೀಮೆಯವರು ಪರಂಪರೆಯಾಗಿ ಹೇಳುತ್ತ ಬಂದಿದ್ದಾರೆ. ಗಾದೆಯ ದೊಣ್ಣೆಯು ಇಲ್ಲಿ ಕುಂಬಾರನ ಕೈಯಲ್ಲಿಯೇ ಇದ್ದಿತು. ತನ್ನ ಹೆಸರನ್ನು ಹಸಿಮಣ್ಣಿನಲ್ಲಿ ಒತ್ತಿ ಸುಡಿಸುತ್ತಿದ್ದವನಿಗೆ, ಬಿರುಕನ್ನು ಮುಚ್ಚಿ ಮಾರಿದರೆ ಆ ಬಿರುಕು ತನ್ನ ಹೆಸರಿನದೇ ಆಗುವುದೆಂದು ಗೊತ್ತಿದ್ದಿತು.

ಇಷ್ಟೇ ಆಗಿದ್ದರೆ ನಾವು ಅವನನ್ನು ಜಾಣ ಕುಂಬಾರನೆಂದೂ ಚತುರ ವರ್ತಕನೆಂದೂ ಹೊಗಳಿ ಸುಮ್ಮನಾಗಬಹುದಿತ್ತು. ಮೂರನೆಯ ಪ್ರಶ್ನೆ ಅವನ ಮುಂದೆ ಬಂದುದು 1787ರಲ್ಲಿ. ಆಗ್ಗೆ ಬೆಂಟ್ಲಿಯು ತೀರಿಕೊಂಡು ಏಳು ವರ್ಷಗಳಾಗುತ್ತ ಬಂದಿದ್ದವು. ಆ ಕಾಲದಲ್ಲಿ ಇಂಗ್ಲೆಂಡಿನ ಹಡಗುಗಳು ಪ್ರತಿವರ್ಷವೂ ಸಾವಿರಾರು ಆಫ್ರಿಕದ ಸ್ತ್ರೀಪುರುಷರನ್ನೂ ಮಕ್ಕಳನ್ನೂ ಸಂಕೋಲೆಯಲ್ಲಿ ಕಟ್ಟಿ, ಸಮುದ್ರದ ಆಚೆಯ ದ್ವೀಪಗಳಿಗೆ ಒಯ್ದು ಮಾರುತ್ತಿದ್ದವು. ಆ ದ್ವೀಪಗಳಲ್ಲಿ ಅವರ ದುಡಿಮೆಯಿಂದ ಬೆಳೆದ ಕಬ್ಬಿನ ಸಕ್ಕರೆಯು ಲಂಡನ್ನಿನ ಚಹದ ಬಟ್ಟಲುಗಳಲ್ಲಿ ಕರಗುತ್ತಿದ್ದಿತು. ಈ ವ್ಯಾಪಾರವನ್ನು ನಿಲ್ಲಿಸಬೇಕೆಂದು 1787ನೆಯ ಮೇ 22ರಂದು ಲಂಡನ್ನಿನಲ್ಲಿ ಕೆಲವರು ಸೇರಿ ಒಂದು ಸಂಘವನ್ನು ಕಟ್ಟಿದರು. ವೆಜ್‌ವುಡ್ಡನು ಬೇಗನೆ ಅದರ ಕಾರ್ಯಸಮಿತಿಯನ್ನು ಸೇರಿದನು. ಸಂಘದ ಮುದ್ರೆಗಾಗಿ ಒಂದು ಚಿತ್ರವು ಸಿದ್ಧವಾಯಿತು. ಕೈಕಾಲುಗಳಿಗೆ ಸಂಕೋಲೆ ಬಿದ್ದ ಆಫ್ರಿಕದವನೊಬ್ಬನು ಒಂದು ಮೊಣಕಾಲನ್ನು ನೆಲಕ್ಕೂರಿ, ಎರಡೂ ಕೈಗಳನ್ನು ಜೋಡಿಸಿ ಮೇಲೆತ್ತಿ, ತಾನೂ ಮನುಷ್ಯನೇ, ಸಹೋದರನೇ ಅಲ್ಲವೇ ಎಂಬ ಅರ್ಥದ ಪ್ರಶ್ನೆಯನ್ನು ಕೇಳುವಂತೆ ಅದನ್ನು ರಚಿಸಿದ್ದರು.

ವೆಜ್‌ವುಡ್ಡನು ತನಗೆ ಬಂದ ವಿದ್ಯೆಯಿಂದಲೇ ಈ ಕಾರ್ಯಕ್ಕೆ ನೆರವಾದನು. ಎಟ್ರೂರಿಯದ ವಿಲಿಯಂ ಹ್ಯಾಕ್‌ವುಡ್ ಎಂಬ ಶಿಲ್ಪಿ ಆ ಚಿತ್ರವನ್ನು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪದಕವಾಗಿ ತಿದ್ದಿದನು. ಬಿಳಿಯ ಜಾಸ್ಪರ್ ನೆಲದ ಮೇಲೆ ಕಪ್ಪು ಆಕೃತಿ. ರಾಜರಾಣಿಯರ ಮುಖಗಳನ್ನು ಬೆಲೆಕಟ್ಟಿ ಮಾರುತ್ತಿದ್ದ ಅದೇ ಕೈಗಳು, ಅದೇ ಮಣ್ಣು, ಅದೇ ಆವಿಗೆ. ಆದರೆ ಈ ಪದಕಗಳಿಗೆ ಅವನು ಬೆಲೆಯಿಡಲಿಲ್ಲ. ತನ್ನ ಖರ್ಚಿನಲ್ಲಿಯೇ ಮಾಡಿಸಿ ಹಂಚಿದನು. ಸಂಘಕ್ಕಾಗಿ ಊರೂರು ತಿರುಗುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಒಬ್ಬನಿಗೇ ಐನೂರು ಪದಕಗಳು ದೊರೆತವು. 1788ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನನಿಗೂ ಒಂದು ಪೊಟ್ಟಣ ಹೋಯಿತು. ಗಂಡಸರು ಪದಕವನ್ನು ನಸ್ಯದ ಡಬ್ಬಿಗಳ ಮುಚ್ಚಳಕ್ಕೆ ಚಿನ್ನದ ಅಂಚಿನೊಡನೆ ಕೂಡಿಸಿಕೊಂಡರು. ಸ್ತ್ರೀಯರು ಕಡಗಗಳಲ್ಲಿ ಧರಿಸಿದರು, ಮುಡಿಯ ಪಿನ್ನುಗಳಲ್ಲಿ ಸಿಕ್ಕಿಸಿಕೊಂಡರು. ಒಡವೆಯ ಅಂದವನ್ನು ನೋಡಲು ಬಾಗಿದವರಿಗೆ ಒಡವೆಯೇ ಪ್ರಶ್ನೆ ಕೇಳುತ್ತಿದ್ದಿತು.

ಆ ಕಾಲದ ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿಗೆ ಮತ ಕೊಡುವ ಹಕ್ಕು ಸ್ತ್ರೀಯರಿಗಿರಲಿಲ್ಲ. ಆದರೆ ಕೊರಳೂ ಕೈಯೂ ಮುಡಿಯೂ ಅವರವೇ. ಮನೆಯ ಚಹದ ಮೇಜೂ ಅವರದೇ. 1791ರಲ್ಲಿ ಗುಲಾಮರು ಬೆಳೆದ ಸಕ್ಕರೆಯನ್ನು ತ್ಯಜಿಸುವ ಚಳವಳಿಯು ಹಬ್ಬಿದಾಗ ಸುಮಾರು ಮೂರು ಲಕ್ಷ ಜನರು ಅದನ್ನು ಬಿಟ್ಟರೆಂದು ಕ್ಲಾರ್ಕ್‌ಸನ್ ಅಂದಾಜು ಮಾಡಿದನು. ಮನೆಯೊಡತಿಯು ಒಪ್ಪದೆ ಯಾವ ಮನೆಯ ಸಕ್ಕರೆಯ ಬಟ್ಟಲು ತಾನೇ ಬರಿದಾದೀತು?

ಸತ್ಯವನ್ನು ಮರೆಮಾಡುವುದು ನಮ್ಮ ಉದ್ದೇಶವಲ್ಲ. ವೆಜ್‌ವುಡ್ಡನ ಚಹದ ಬಟ್ಟಲುಗಳೂ ಸಕ್ಕರೆಯ ಪಾತ್ರೆಗಳೂ ಅದೇ ಸಕ್ಕರೆಗಾಗಿಯೇ ಮಾರಾಟವಾಗುತ್ತಿದ್ದವು. ಅವನ ಸರಕು ಆ ದ್ವೀಪಗಳಿಗೂ ಹೋಗುತ್ತಿದ್ದಿತು. ಅವನ ಕಾಲದ ಕುಂಬಾರಿಕೆಯಲ್ಲಿ ಎಳೆಯ ಮಕ್ಕಳೂ ದುಡಿಯುತ್ತಿದ್ದರು; ಮೆರುಗಿನ ಸೀಸವು ಕೆಲಸಗಾರರ ಆರೋಗ್ಯವನ್ನು ಕೆಡಿಸುತ್ತಿದ್ದಿತು. ಪದಕದ ಚಿತ್ರವನ್ನು ಕುರಿತೂ ಈಚಿನ ವಿದ್ವಾಂಸರು ಒಂದು ಆಕ್ಷೇಪವನ್ನು ಎತ್ತಿದ್ದಾರೆ. ಅದರಲ್ಲಿ ಆಫ್ರಿಕದವನು ಮೊಣಕಾಲೂರಿ ಬೇಡುತ್ತಾನೆ. ಬಿಡುಗಡೆಯು ಬಿಳಿಯರು ನೀಡುವ ಭಿಕ್ಷೆಯೆಂಬಂತೆ ತೋರುತ್ತದೆ. ನಿಜವಾಗಿ ನೋಡಿದರೆ ಅವರು ಬೇಡುತ್ತ ಕುಳಿತವರಲ್ಲ. ಒಮ್ಮೆ ಗುಲಾಮನಾಗಿ ಮಾರಾಟವಾಗಿದ್ದ ಓಲೌಡ ಇಕ್ವಿಯಾನೊ ಎಂಬಾತನು ತನ್ನ ಬಿಡುಗಡೆಯನ್ನು ತಾನೇ ಗಳಿಸಿದ ಹಣದಿಂದ ಕೊಂಡು, 1789ರಲ್ಲಿ ತನ್ನ ಚರಿತ್ರೆಯನ್ನು ಅಚ್ಚುಮಾಡಿಸಿ, ಊರೂರಿಗೆ ಹೋಗಿ ಆ ಪುಸ್ತಕವನ್ನು ಮಾರಿ ಜನರ ಕಣ್ಣು ತೆರೆಸಿದನು. 1791ರಲ್ಲಿ ಸೇಂಟ್ ಡೊಮಿಂಗ್ ದ್ವೀಪದ ಗುಲಾಮರು ಎದ್ದು ನಿಂತು ಹೋರಾಡಿ ಕಡೆಗೆ ಹೈಟಿ ಎಂಬ ಸ್ವತಂತ್ರ ರಾಜ್ಯವನ್ನೇ ಸ್ಥಾಪಿಸಿದರು. ಈ ಆಕ್ಷೇಪಗಳು ನ್ಯಾಯವಾದವೇ. ಅವುಗಳನ್ನು ಒಪ್ಪಿಕೊಂಡ ಮೇಲೆಯೂ ಒಂದು ಮಾತು ಉಳಿಯುತ್ತದೆ. ಗುಲಾಮರ ದುಡಿಮೆಯಿಂದ ಸುಖಪಡುತ್ತಿದ್ದ ಗಿರಾಕಿಗಳು ತನ್ನ ಮಳಿಗೆಗೆ ನಿತ್ಯ ಬರುತ್ತಿದ್ದರೂ, ಅವರ ಮುಖಕ್ಕೆ ಅಂಜದೆ ಆ ವರ್ತಕನು ತನ್ನ ಮಣ್ಣಿನ ಮೇಲೆ ಆ ಪ್ರಶ್ನೆಯನ್ನು ಒತ್ತಿದನು.

ಅವನ ಕಡೆಯ ದೊಡ್ಡ ಕೆಲಸವೆಂದರೆ ಪೋರ್ಟ್‌ಲೆಂಡ್ ಹೂಜಿ ಎಂದು ಹೆಸರಾದ ಪ್ರಾಚೀನ ರೋಮಿನ ಗಾಜಿನ ಪಾತ್ರೆಯನ್ನು ಕಪ್ಪು ಜಾಸ್ಪರಿನಲ್ಲಿ ಮರುಮಾಡಿದುದು. ಸುಮಾರು ನಾಲ್ಕು ವರ್ಷಗಳ ಪ್ರಯತ್ನದ ಬಳಿಕ 1790ರಲ್ಲಿ ಅದನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದನು. 1795ನೆಯ ಜನವರಿ 3ರಂದು ಎಟ್ರೂರಿಯದ ತನ್ನ ಮನೆಯಲ್ಲಿ ಕಾಲವಾದನು. 20 ಪೌಂಡಿನ ಪಾಲಿನವನು ಬಿಟ್ಟುಹೋದ ಆಸ್ತಿಯು ಸುಮಾರು ಐದು ಲಕ್ಷ ಪೌಂಡಾಗಿದ್ದಿತು. ಆದರೆ ಪದಕದ ಪ್ರಶ್ನೆಗೆ ಪಾರ್ಲಿಮೆಂಟಿನ ಉತ್ತರವನ್ನು ಅವನು ಕಾಣಲಿಲ್ಲ. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನವು ಬಂದುದು 1807ರಲ್ಲಿ. ಬ್ರಿಟಿಷರ ಬಹುಪಾಲು ವಸಾಹತುಗಳಲ್ಲಿ ದಾಸ್ಯವನ್ನೇ ರದ್ದುಪಡಿಸಿದ ಶಾಸನವಾದುದು 1833ರಲ್ಲಿ. ತಾಯಿಯ ಹೆಸರನ್ನೇ ಹೊತ್ತ ಅವನ ಕಿರಿಯ ಮಗಳು ಸೇರಾ ಆ ಕಾರ್ಯಕ್ಕಾಗಿ ಧಾರಾಳವಾಗಿ ಹಣವನ್ನು ಕೊಡುತ್ತ ತಂದೆಯ ಕೆಲಸವನ್ನು ಮುಂದುವರಿಸಿದಳು.

ಆ ಪದಕಗಳಲ್ಲಿ ಕೆಲವು ಈಗಲೂ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿವೆ. ಅವುಗಳಲ್ಲಿ ಚಿನ್ನವಿಲ್ಲ, ರತ್ನವಿಲ್ಲ. ಇರುವುದು ಬೆಂದ ಮಣ್ಣು ಮಾತ್ರ. ಪ್ರಿಯ ಸೋದರಿಯರೇ, ತಾಯಿತಂದೆಗಳೇ, ನಮ್ಮ ಹೆಣ್ಣುಮಕ್ಕಳು ಕೈಯಿಂದ ಒಡವೆಗಳನ್ನು ಮಾಡಿ ಮಾರುವುದನ್ನು ಕೆಲವರು ಬಿಡುವಿನ ಆಟವೆಂದು ಬಗೆಯುವುದುಂಟು. ಹಾಗೆ ಬಗೆಯಬಾರದೆಂದು ನಾವು ವಿನಯದಿಂದ ಹೇಳುತ್ತೇವೆ. ಮಾಡಿದುದಕ್ಕೆ ತಗುಲಿದ ಖರ್ಚನ್ನೂ ಶ್ರಮವನ್ನೂ ಲೆಕ್ಕವಿಟ್ಟು ಬೆಲೆಯಿಡುವುದನ್ನು ಅವರು ಕಲಿಯಲಿ. ಬಿರುಕುಬಿಟ್ಟ ಬಿಲ್ಲೆಯನ್ನು ಮೇಜಿನಿಂದ ತೆಗೆದಿಡುವ ಧೈರ್ಯವನ್ನು ಕಲಿಯಲಿ. ವರ್ಷಕ್ಕೆ ಒಂದಾದರೂ ಒಡವೆಯನ್ನು ಬೆಲೆಯ ಚೀಟಿಯಿಲ್ಲದೆ, ಅನ್ಯಾಯಕ್ಕೊಳಗಾದ ಯಾರದಾದರೂ ಪರವಾಗಿ ಮಾಡಲಿ. ಕೊಂಡವಳು ಅದನ್ನು ಧರಿಸಿ ಬೀದಿಯಲ್ಲಿ ನಡೆದಾಗ, ಅದೇನೆಂದು ಕೇಳಿದವರಿಗೆ ಹೇಳಲು ಅವಳಲ್ಲಿ ಒಂದು ಮಾತಿರಲಿ.